ಹಳೇ ಪ್ಲೇಯರಿನಲ್ಲೂ ಓಡುವ ಡಿವಿಡಿ: ಇಳಿಸಿಕೊಂಡ ವಿಡಿಯೊವನ್ನು ಬದಲಿಸಿ ರೈಟ್ ಮಾಡುವ ಕ್ರಮ

"ಫೈಲು ಮುನ್ನೂರು ಎಂಬಿ, ಡಿಸ್ಕು ನಾಲ್ಕೂವರೆ ಜಿಬಿ. ಹತ್ತು ಹದಿನೈದು ಹಿಡೀತಾವ, ಎಲ್ಲಾ ಒಂದರಾಗ ಹಾಕಿ ಕೊಡ್ರಿ." ಸಿಡಿ ರೈಟ್ ಮಾಡಿಸಲು ಬಂದವರು ಸಾಮಾನ್ಯವಾಗಿ ಹೇಳುವ ಮಾತಿದು. ಡಿವಿಡಿ ಕೆಡುವುದಕ್ಕೆ ಮೊದಲ ಕಾರಣವೂ ಈ ಲೆಕ್ಕವೇ. ಮೊಬೈಲಿನ ಎಂಪಿ4 ಫೈಲಿನ ಒಳಗಿರುವುದು ಎಚ್.264 ಅಥವಾ ಎಚ್.265 ಎಂಬ ಹೊಸ ಕಾಲದ ಸಂಕುಚನ. ಸಾಮಾನ್ಯ ಡಿವಿಡಿ ಪ್ಲೇಯರಿಗೆ ಬೇಕಿರುವುದು ಎಂಪೆಗ್-2 ಎಂಬ ಹಳೇ ಸಂಕುಚನ. ಅದಕ್ಕೆ ಬದಲಿಸಿದಾಗ ಮೂಲ ಫೈಲಿನ ಎಂಬಿ ಲೆಕ್ಕಕ್ಕೇ ಬರುವುದಿಲ್ಲ, ಎಷ್ಟು ನಿಮಿಷದ ವಿಡಿಯೊ ಎಂಬುದಷ್ಟೇ ಲೆಕ್ಕ. 300 ಎಂಬಿಯ ಎರಡು ಗಂಟೆ ವಿಡಿಯೊ, 3 ಜಿಬಿಯ ಎರಡು ಗಂಟೆ ವಿಡಿಯೊ, ಎರಡೂ ಡಿಸ್ಕಿನಲ್ಲಿ ಒಂದೇ ಜಾಗ ತಿನ್ನುತ್ತವೆ. ಇದೊಂದು ತಲೆಗೆ ಹತ್ತಿದರೆ ಮುಂದಿನದು ಸುಲಭ.

ಎಲ್ಲಿ ಓಡಬೇಕು ಎಂಬುದು ಮೊದಲು

ಡಿಸ್ಕ್ ಹೋಗುವ ಮನೆಯಲ್ಲಿ ಏನಿದೆ ಎಂದು ಕೇಳಿ. ಯುಎಸ್‌ಬಿ ಕಿಂಡಿ ಇರುವ ಹೊಸ ಟಿವಿಯಾದರೆ ಡಿವಿಡಿಯ ಗೊಡವೆಯೇ ಬೇಡ. ಎಂಪಿ4 ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಕೊಡಿ, ಚಿತ್ರವೂ ಹೆಚ್ಚು ಚೊಕ್ಕಟವಾಗಿರುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದರಲ್ಲಿ ಕೂರುವುದಿಲ್ಲ, ಅಷ್ಟು ನೆನಪಿರಲಿ.

ಪ್ಲೇಯರಿನ ಮುಖದ ಮೇಲೆ ಡಿವ್‌ಎಕ್ಸ್ ಗುರುತಿದ್ದರೆ ನಡುವಿನ ದಾರಿಯೊಂದಿದೆ. ಎಕ್ಸ್‌ವಿಡ್ ಚಿತ್ರ, ಎಂಪಿ3 ಧ್ವನಿ ಇರುವ ಎವಿಐ ಫೈಲುಗಳನ್ನು ಡೇಟಾ ಡಿಸ್ಕಾಗಿ, ಅಂದರೆ ಫೈಲು ಇದ್ದ ಹಾಗೆಯೇ, ರೈಟ್ ಮಾಡಿದರೆ ಒಂದೇ ಡಿಸ್ಕಿನಲ್ಲಿ ಐದಾರು ಗಂಟೆ ಹಿಡಿಯುತ್ತದೆ. ಆದರೆ ಹತ್ತು ಮನೆಗೆ ಹಂಚುವ ಡಿಸ್ಕಾದರೆ ಈ ದಾರಿ ಹಿಡಿಯಬೇಡಿ. ಎಲ್ಲರ ಪ್ಲೇಯರಿನಲ್ಲೂ ಆ ಗುರುತು ಇರುವುದಿಲ್ಲ. ಮಠ, ಯುವಕ ಸಂಘ, ಹಳ್ಳಿಯ ಹಿರಿಯರ ಮನೆ, ಹಳೇ ಡಬ್ಬಾ ಟಿವಿ ಎಂದರೆ ಸರಿಯಾದ ಡಿವಿಡಿ-ವಿಡಿಯೊ ಡಿಸ್ಕೇ ಆಗಬೇಕು. ಮುಂದೆ ಹೇಳುವುದೆಲ್ಲ ಅದರ ಬಗ್ಗೆ.

ಫೈಲು ಎಂಥದ್ದು ಸಿಕ್ಕಿದೆ

ಯಾರದು ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಕೊಳ್ಳಿ. ನೀವೇ ಚಿತ್ರಿಸಿದ್ದು, ತಂಡದವರು ಒಪ್ಪಿ ಕೊಟ್ಟಿದ್ದು, ಮುಕ್ತ ಪರವಾನಗಿ ಇರುವುದು ಆದರೆ ತೊಂದರೆ ಇಲ್ಲ. ಭಾರತದ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ವೇದಿಕೆಯಲ್ಲಿ ಹಾಡಿದ, ಕುಣಿದ ಕಲಾವಿದರಿಗೂ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕು ಕೊಟ್ಟಿದೆ, ಅದರ ಅವಧಿ 50 ವರ್ಷ. ಬಯಲಾಟದ ಡಿಸ್ಕ್ ಮಾಡಿ ಹಂಚುವ ಮುಂಚೆ ಮಾಸ್ತರರನ್ನೂ ಪಾತ್ರಧಾರಿಗಳನ್ನೂ ಒಂದು ಮಾತು ಕೇಳುವುದು ಕಾನೂನಿಗೂ ಸರಿ, ಮರ್ಯಾದೆಗೂ ಸರಿ.

ನಿಮ್ಮದೇ ಯೂಟ್ಯೂಬ್ ಚಾನೆಲ್ಲಿನ ವಿಡಿಯೊ ಬೇಕಾದರೆ ಯೂಟ್ಯೂಬ್ ಸ್ಟುಡಿಯೊದಿಂದ ಇಳಿಸಿಕೊಳ್ಳಿ. ಅಲ್ಲಿ 720ಪಿ, ಅಂದರೆ 720 ಗೆರೆಯ ಚಿತ್ರದ ತನಕ ಸಿಗುತ್ತದೆ. ಡಿವಿಡಿಯ ಚಿತ್ರಕ್ಕೆ ಇರುವುದೇ 576 ಗೆರೆ, ಆದ್ದರಿಂದ ಅಷ್ಟು ಸಾಕು. 4ಕೆ ಫೈಲಿಗಾಗಿ ಒದ್ದಾಡಿ ಡೇಟಾ ಖರ್ಚು ಮಾಡಿದರೆ ಡಿಸ್ಕಿನ ಮೇಲೆ ಏನೂ ಹೆಚ್ಚಾಗುವುದಿಲ್ಲ. ಮೊಬೈಲಿನ ಯೂಟ್ಯೂಬ್ ಆ್ಯಪಿನಲ್ಲಿ 'ಡೌನ್‌ಲೋಡ್' ಒತ್ತಿ ಇಳಿಸಿಕೊಂಡದ್ದು ಆ್ಯಪಿನೊಳಗೇ ಓಡುತ್ತದೆ. ಹೊರಗೆ ತೆಗೆಯುವಂಥ ಫೈಲಾಗಿ ಸಿಗುವುದಿಲ್ಲ.

ವಾಟ್ಸ್‌ಆ್ಯಪಿನಲ್ಲಿ ಬಂದ ವಿಡಿಯೊ ಎಲ್ಲಕ್ಕಿಂತ ಕಷ್ಟದ್ದು. ಕಳಿಸುವಾಗಲೇ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡಿರುತ್ತದೆ. ಹಾಗೆ ಕಳೆದುಹೋದದ್ದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ. ಕಳಿಸುವವರಿಗೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, 2 ಜಿಬಿ ತನಕದ ಫೈಲು ಮೂಲದ ಹಾಗೆಯೇ ಬರುತ್ತದೆ. ಅದಕ್ಕಿಂತ ದೊಡ್ಡದಿದ್ದರೆ ಪೆನ್‌ಡ್ರೈವ್ ಹಿಡಿದು ಹೋಗುವುದೇ ಒಳ್ಳೆಯದು.

ಕೈಗೆ ಬಂದ ಫೈಲನ್ನು ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಒಟ್ಟು ಅವಧಿ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಬಿಡಿಚಿತ್ರ ಎಂಬುದು) ಎಷ್ಟು, ಆ ಫ್ರೇಮ್ ರೇಟ್ 'ಕಾನ್ಸ್‌ಟಂಟ್' ಇದೆಯೋ 'ವೇರಿಯಬಲ್' ಇದೆಯೋ. ಮೂರನೆಯದೇ ಮುಂದೆ ಕಾಟ ಕೊಡುವುದು.

ನಿಮಿಷದ ಲೆಕ್ಕ

ಒಂದು ಪದರದ ಡಿಸ್ಕಿನ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಕಂಪ್ಯೂಟರ್ ಅದನ್ನೇ 4.37 ಜಿಬಿ ಎಂದು ತೋರಿಸುತ್ತದೆ. ಕಂಪನಿ ಸಾವಿರದಿಂದ ಭಾಗಿಸುತ್ತದೆ, ವಿಂಡೋಸ್ 1024ರಿಂದ ಭಾಗಿಸುತ್ತದೆ, ಅಷ್ಟೇ ವ್ಯತ್ಯಾಸ. ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟು ಲೆಕ್ಕ ಹಾಕಲು ಸುಲಭ ಸೂತ್ರ ಇದು: 6,00,000ವನ್ನು ಒಟ್ಟು ನಿಮಿಷದಿಂದ ಭಾಗಿಸಿ. ಬಂದದ್ದು ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಒಟ್ಟು ಬಿಟ್‌ರೇಟ್. ಅದರಲ್ಲಿ ಧ್ವನಿಗೆ 192 ಕಳೆದರೆ ಉಳಿದದ್ದು ಚಿತ್ರಕ್ಕೆ.

90 ನಿಮಿಷಕ್ಕೆ ಸುಮಾರು 6,470 ಸಿಗುತ್ತದೆ, ಬಹಳ ಒಳ್ಳೆಯ ಚಿತ್ರ. ಎರಡು ಗಂಟೆಗೆ 4,800, ಇದೂ ಚೆನ್ನಾಗಿದೆ. ಮೂರು ಗಂಟೆಗೆ 3,140. ನಾಲ್ಕು ಗಂಟೆಗೆ 2,300, ಇಲ್ಲಿ ಚಿತ್ರ ಒಡೆಯಲು ಶುರುವಾಗುತ್ತದೆ. ಒಂದು ಗಂಟೆಯದ್ದಾದರೆ ಸೂತ್ರ ಹತ್ತು ಸಾವಿರದ ಹತ್ತಿರ ಹೇಳುತ್ತದೆ, ಆದರೆ ಅಷ್ಟು ಕೊಡಬೇಡಿ. ಡಿವಿಡಿ ನಿಯಮದಲ್ಲಿ ಚಿತ್ರದ ಮಿತಿ 9,800. ಮನೆಯಲ್ಲಿ ರೈಟ್ ಮಾಡಿದ ಡಿಸ್ಕಿಗೆ 8,000 ದಾಟಿದರೆ ಹಳೇ ಪ್ಲೇಯರುಗಳು ಓದಲಾರದೆ ತಡವರಿಸುತ್ತವೆ.

ಏನನ್ನು ಚಿತ್ರಿಸಿದ್ದು ಎಂಬುದರ ಮೇಲೂ ಇದು ನಿಂತಿದೆ. ಪ್ರವಚನದಲ್ಲಿ ಸ್ವಾಮೀಜಿ ಕೂತಲ್ಲೇ ಕೂತಿರುತ್ತಾರೆ, ಹಿಂದಿನ ಪರದೆ ಅಲುಗುವುದಿಲ್ಲ. ಮೂರು ಗಂಟೆಯದ್ದು ಒಂದೇ ಡಿಸ್ಕಿಗೆ ಹಾಕಿದರೂ ಕಣ್ಣಿಗೆ ತೊಂದರೆ ಇಲ್ಲ. ಬಯಲಾಟ ಹಾಗಲ್ಲ. ರಾತ್ರಿಯ ಬೆಳಕು, ಕೆಂಪು ಮತ್ತು ಜರಿಯ ವೇಷ, ವೀರರ ಕುಣಿತ, ಜತೆಗೆ ಕತ್ತಲಲ್ಲಿ ಮೊಬೈಲ್ ಕ್ಯಾಮೆರಾ ಹುಟ್ಟಿಸುವ ಮರಳಿನಂಥ ಚುಕ್ಕಿಗಳು. ಈ ಚುಕ್ಕಿಗಳನ್ನೂ ಎಂಪೆಗ್-2 ಚಲನೆ ಎಂದೇ ತಿಳಿದು ಬಿಟ್ಟುಗಳನ್ನು ಅದಕ್ಕೆ ಸುರಿಯುತ್ತದೆ, ಪಾತ್ರದ ಮುಖಕ್ಕೆ ಉಳಿಯುವುದಿಲ್ಲ. ಕೆಂಪು ಬಟ್ಟೆಯ ಮೇಲೆ ಚೌಕಚೌಕ ಎದ್ದು ಕಾಣುವುದು ಆಗಲೇ.

ಇಡೀ ರಾತ್ರಿಯ ದೊಡ್ಡಾಟ ಏಳು ಗಂಟೆ, ಅಂದರೆ 420 ನಿಮಿಷ ಎಂದಿಟ್ಟುಕೊಳ್ಳಿ. ಒಂದೇ ಡಿಸ್ಕಿಗೆ ತುರುಕಿದರೆ ಚಿತ್ರಕ್ಕೆ 1,240ರಷ್ಟೂ ಸಿಗುವುದಿಲ್ಲ, ನೋಡಲಾಗದು. ಮೂರು ಡಿಸ್ಕು ಮಾಡಿದರೆ ತಲಾ 140 ನಿಮಿಷ, ಸುಮಾರು 4,090. ನಾಲ್ಕು ಮಾಡಿದರೆ ತಲಾ 105 ನಿಮಿಷ, ಸುಮಾರು 5,520. ನಾಲ್ಕೇ ಮಾಡಿ. ಖಾಲಿ ಡಿಸ್ಕಿನ ಬೆಲೆ ದೊಡ್ಡದಲ್ಲ, ಆ ರಾತ್ರಿಯ ಆಟ ಮತ್ತೆ ಬರುವುದಿಲ್ಲ. ಎರಡು ಪದರದ 8.5 ಜಿಬಿ ಡಿಸ್ಕು ತರುವ ಯೋಚನೆ ಬಿಡಿ. ಬೆಲೆ ಹೆಚ್ಚು, ಕೆಡುವುದೂ ಹೆಚ್ಚು, ಪದರ ಬದಲಾಗುವಲ್ಲಿ ಹಳೇ ಪ್ಲೇಯರ್ ನಿಂತೇಬಿಡಬಹುದು.

ಕತ್ತರಿಸುವಾಗ ಗಡಿಯಾರ ನೋಡಿ ಕತ್ತರಿಸಬೇಡಿ. ಹಾಡು ಮುಗಿದು ಮುಂದಿನ ಪಾತ್ರ ಬರುವ ನಡುವೆ ಜಾಗ ಹುಡುಕಿ. ಲಾಸ್‌ಲೆಸ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಚಿತ್ರವನ್ನು ಮತ್ತೆ ಹಿಂಡದೆ ಹಾಗೆಯೇ ತುಂಡು ಮಾಡುತ್ತದೆ. ಅದು ಕೀಫ್ರೇಮ್ (ಇಡೀ ಚಿತ್ರ ಪೂರ್ತಿ ಉಳಿಸಿರುವ ಫ್ರೇಮ್) ಇದ್ದಲ್ಲಿ ಕತ್ತರಿಸುವುದರಿಂದ ಒಂದೆರಡು ಸೆಕೆಂಡ್ ಆಚೀಚೆ ಆಗುತ್ತದೆ, ಅಷ್ಟು ಜಾಗ ಬಿಟ್ಟುಕೊಂಡು ಗುರುತು ಹಾಕಿ.

ಬೇಕಾದ ಸಾಮಾನು

ಡಿವಿಡಿ-ಆರ್ ಡಿಸ್ಕು ತನ್ನಿ. ಪ್ಲಸ್ ಗುರುತಿನದೂ (ಡಿವಿಡಿ+ಆರ್) ನಡೆಯುತ್ತದೆ, ಆದರೆ ಬಹಳ ಹಳೇ ಪ್ಲೇಯರುಗಳು ಮೈನಸ್ ಗುರುತಿನದನ್ನೇ ಹೆಚ್ಚು ಒಪ್ಪುತ್ತವೆ. ಪರೀಕ್ಷೆಗೆಂದು ಒಂದು ಡಿವಿಡಿ-ಆರ್‌ಡಬ್ಲ್ಯೂ ಇರಲಿ, ಅಳಿಸಿ ಮತ್ತೆ ಬರೆಯಬಹುದು. ಕಂಪ್ಯೂಟರಿನಲ್ಲಿ 20 ಜಿಬಿ ಖಾಲಿ ಜಾಗ ಬೇಕು, 4 ಜಿಬಿ ದಾಟುವ ಫೈಲು ಕೂರಲು ಆ ಡ್ರೈವ್ ಎನ್‌ಟಿಎಫ್‌ಎಸ್ ಆಗಿರಬೇಕು. ಲ್ಯಾಪ್‌ಟಾಪಿಗೆ ಚುಚ್ಚುವ ತೆಳು ಡಿವಿಡಿ ರೈಟರ್ ಆದರೆ ನೇರ ಲ್ಯಾಪ್‌ಟಾಪಿನ ಕಿಂಡಿಗೇ ಹಾಕಿ. ಹಬ್ ಮೂಲಕ ಹಾಕಿದರೆ ಕರೆಂಟ್ ಸಾಲದೆ ರೈಟ್ ನಡುವೆ ಕೈಕೊಡುತ್ತದೆ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೂರಬೇಡಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ, ಅರ್ಧ ಬರೆದ ಡಿವಿಡಿ-ಆರ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಸಾಫ್ಟ್‌ವೇರ್ ಎರಡು: ಹ್ಯಾಂಡ್‌ಬ್ರೇಕ್ ಮತ್ತು ಡಿವಿಡಿಸ್ಟೈಲರ್. ಎರಡೂ ಉಚಿತ. ಹ್ಯಾಂಡ್‌ಬ್ರೇಕ್ ಒಂದೇ ಸಾಕೆಂದು ತಿಳಿಯಬೇಡಿ, ಅದು ಎಂಪಿ4, ಎಂಕೆವಿ ಮಾಡುತ್ತದೆಯೇ ಹೊರತು ಡಿವಿಡಿ ಮಾಡುವುದಿಲ್ಲ. ನಮಗೆ ಅದು ಫೈಲನ್ನು ಹದಗೊಳಿಸಲು ಮಾತ್ರ, ಡಿವಿಡಿ ಜೋಡಿಸುವುದು ಡಿವಿಡಿಸ್ಟೈಲರ್.

ಹದಗೊಳಿಸುವುದು

ಮೊಬೈಲು ಬೆಳಕು ಕಡಿಮೆಯಾದಾಗ ಫ್ರೇಮ್ ಕಡಿಮೆ ಹಿಡಿಯುತ್ತದೆ, ಹೆಚ್ಚಾದಾಗ ಹೆಚ್ಚು ಹಿಡಿಯುತ್ತದೆ. ಇದೇ ವೇರಿಯಬಲ್ ಫ್ರೇಮ್ ರೇಟ್. ಅದನ್ನು ನೇರ ಡಿವಿಡಿಗೆ ಕೊಟ್ಟರೆ ಮೊದಲ ಹತ್ತು ನಿಮಿಷ ಸರಿಯಿದ್ದು, ಗಂಟೆ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಹಾಡಿಗೆ ತಾಳ ಕೂಡದಿದ್ದರೆ ನೋಡುವವರಿಗೆ ಹಿಂಸೆ.

ಹ್ಯಾಂಡ್‌ಬ್ರೇಕಿನಲ್ಲಿ ಫೈಲು ತೆರೆದು 'ವಿಡಿಯೊ' ಪುಟಕ್ಕೆ ಹೋಗಿ. ಎನ್‌ಕೋಡರ್ ಎಚ್.264, ಗುಣಮಟ್ಟದ ಆರ್‌ಎಫ್ ಅಂಕಿ 17ರ ಆಸುಪಾಸು, ಫ್ರೇಮ್ ರೇಟ್ 25, ಕೆಳಗೆ 'ಕಾನ್ಸ್‌ಟಂಟ್ ಫ್ರೇಮ್‌ರೇಟ್' ಆರಿಸಿ. 'ಆಡಿಯೊ' ಪುಟದಲ್ಲಿ 48 ಕಿಲೋಹರ್ಟ್ಸ್ ಇರಲಿ, 44.1 ಡಿವಿಡಿಗೆ ಆಗದು. ರಾತ್ರಿಯ ವಿಡಿಯೊ ಆದರೆ 'ಫಿಲ್ಟರ್ಸ್' ಪುಟದಲ್ಲಿ 'ಡಿನಾಯ್ಸ್' ಅನ್ನು ಅತಿ ಹಗುರವಾಗಿ ಹಾಕಿ. ಮೇಲೆ ಹೇಳಿದ ಚುಕ್ಕಿಗಳು ಇಳಿದು ಅದೇ ಬಿಟ್‌ರೇಟಿನಲ್ಲಿ ಮುಖ ಸ್ಪಷ್ಟವಾಗುತ್ತದೆ. ಹೆಚ್ಚು ಹಾಕಿದರೆ ಬಣ್ಣ ಬಳಿದ ಮುಖ ಮೇಣದ ಮುಖವಾಗುತ್ತದೆ, ಮೊದಲು ಐದು ನಿಮಿಷದ ತುಣುಕಿನ ಮೇಲೆ ನೋಡಿಕೊಳ್ಳಿ.

25 ಯಾಕೆಂದರೆ ನಮ್ಮಲ್ಲಿ ಟಿವಿ ಪದ್ಧತಿ ಪಾಲ್: 720×576, ಸೆಕೆಂಡಿಗೆ 25 ಫ್ರೇಮ್. ಇಲ್ಲೊಂದು ತೊಡಕಿದೆ. ಮೊಬೈಲುಗಳು ಸಾಮಾನ್ಯವಾಗಿ 30ರಲ್ಲಿ ಹಿಡಿಯುತ್ತವೆ. 30ನ್ನು 25 ಮಾಡಿದಾಗ ಆರಕ್ಕೊಂದು ಫ್ರೇಮ್ ಬಿದ್ದುಹೋಗಿ ವೇಗದ ಕುಣಿತದಲ್ಲಿ ಸಣ್ಣ ಎಗರಾಟ ಕಾಣುತ್ತದೆ. ಎಲ್ಲರ ಮನೆಯಲ್ಲೂ ಎಲ್‌ಸಿಡಿ ಅಥವಾ ಎಲ್‌ಇಡಿ ಟಿವಿ ಇದೆ ಎಂದು ಖಾತ್ರಿ ಇದ್ದರೆ 29.97 ಆರಿಸಿ, ಮುಂದೆ ಡಿವಿಡಿಯನ್ನೂ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಮಾಡಿ, ಕುಣಿತ ನೀರಿನಂತೆ ಬರುತ್ತದೆ. ಹಳೇ ಡಬ್ಬಾ ಟಿವಿಯಲ್ಲಿ ಅದು ಕಪ್ಪು-ಬಿಳುಪಾಗಿಯೋ ಉರುಳುವ ಚಿತ್ರವಾಗಿಯೋ ಬರಬಹುದು. ಖಾತ್ರಿ ಇಲ್ಲದಿದ್ದರೆ ಪಾಲ್ ಬಿಟ್ಟು ಕದಲಬೇಡಿ.

ಕನ್ನಡ ಸಬ್‌ಟೈಟಲ್ ಬೇಕಿದ್ದರೆ ಈ ಹಂತದಲ್ಲೇ ಹಾಕಿ. ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಹ್ಯಾಂಡ್‌ಬ್ರೇಕಿನ 'ಸಬ್‌ಟೈಟಲ್ಸ್' ಪುಟದಲ್ಲಿ ಸೇರಿಸಿ 'ಬರ್ನ್ ಇನ್' ಗುರುತು ಹಾಕಿ. ಅಕ್ಷರ ಚಿತ್ರದ ಮೇಲೇ ಅಚ್ಚಾಗುತ್ತದೆ, ಒತ್ತಕ್ಷರ ಸರಿಯಾಗಿ ಕೂರುತ್ತದೆ. ಡಿವಿಡಿ ತಯಾರಿಸುವ ಹಂತಕ್ಕೆ ಬಿಟ್ಟರೆ ಒತ್ತುಗಳು ಬೇರ್ಪಟ್ಟು 'ಕ್ಷ', 'ಸ್ತ್ರೀ'ಗಳೆಲ್ಲ ಚೂರಾಗುವ ಅಪಾಯ ಇದೆ.

ಡಿವಿಡಿಸ್ಟೈಲರಿನಲ್ಲಿ ಜೋಡಣೆ

ಹೊಸ ಪ್ರಾಜೆಕ್ಟ್ ತೆರೆದೊಡನೆ ಒಂದು ಕಿಟಕಿ ಬರುತ್ತದೆ. ಡಿಸ್ಕಿನ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಖಾಲಿ ಜಾಗ ಬಿಡದೆ ಬರೆಯಿರಿ. ಸಾಮರ್ಥ್ಯ 4.7 ಜಿಬಿ, ಪದ್ಧತಿ ಪಾಲ್, ಅನುಪಾತ 16:9, ಧ್ವನಿ ಎಸಿ3 48 ಕಿಲೋಹರ್ಟ್ಸ್. ಬಿಟ್‌ರೇಟನ್ನು 'ಆಟೊ'ಗೆ ಬಿಟ್ಟರೆ ನಿಮಿಷದ ಲೆಕ್ಕ ಅದೇ ಹಾಕಿಕೊಳ್ಳುತ್ತದೆ. ಒಂದೂಕಾಲು ಗಂಟೆಗಿಂತ ಚಿಕ್ಕ ವಿಡಿಯೊ ಇದ್ದಾಗ ಮಾತ್ರ ಕೈಯಿಂದ 8,000ದ ಮಿತಿ ಹಾಕಿ.

ಹದಗೊಳಿಸಿದ ಫೈಲುಗಳನ್ನು ಕೆಳಗಿನ ಪಟ್ಟಿಗೆ ಎಳೆದು ಬಿಡಿ, ಕ್ರಮ ಸರಿಮಾಡಿ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊ ಇದ್ದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಅದನ್ನು ಹಾಗೆಯೇ ಬಿಡಿ. ಪರದೆ ತುಂಬಲಿ ಎಂದು ಎಳೆದರೆ ಎಲ್ಲರೂ ಡುಮ್ಮಗಾಗುತ್ತಾರೆ.

ಅಧ್ಯಾಯ ಗುರುತು ಹಾಕುವುದಕ್ಕೆ ಸಮಯ ಕೊಡಿ. ಪ್ಲೇಯರಿನ ರಿಮೋಟಿನಲ್ಲಿ 'ನೆಕ್ಸ್ಟ್' ಒತ್ತಿದಾಗ ಎಲ್ಲಿಗೆ ಹಾರಬೇಕು ಎಂಬುದು ಇದರಿಂದಲೇ. ಐದೈದು ನಿಮಿಷಕ್ಕೆ ಯಾಂತ್ರಿಕವಾಗಿ ಹಾಕಬಹುದು, ಆದರೆ ದೊಡ್ಡಾಟಕ್ಕೆ ಅದು ಉಪಯೋಗವಿಲ್ಲ. ಗಣಪತಿ ಸ್ತುತಿ ಎಲ್ಲಿ ಮುಗಿಯಿತು, ಸಾರಥಿ ಯಾವ ಪಾತ್ರವನ್ನು ಯಾವಾಗ ಮಾತಾಡಿಸಿದ ಎಂದು ನೋಡಿ ಪ್ರತಿ ಪಾತ್ರ ಪ್ರವೇಶಕ್ಕೂ ಒಂದು ಗುರುತು ಹಾಕಿ. ಪಾತ್ರ ಮಾಡಿದವರ ಮನೆಯವರು ಡಿಸ್ಕ್ ಹಾಕಿದೊಡನೆ ಹುಡುಕುವುದು ತಮ್ಮವನ ಪ್ರವೇಶವನ್ನೇ.

ಮೆನುವಿನಲ್ಲಿ ಕನ್ನಡ ಹೆಸರು ಬೇಕೆಂದರೆ ಅದನ್ನು ಬೇರೆ ಕಡೆ ಚಿತ್ರವಾಗಿ ಮಾಡಿಕೊಂಡು ಹಿನ್ನೆಲೆಯಾಗಿ ಹಾಕುವುದು ನಂಬಿಗಸ್ತ ದಾರಿ. ಅಳತೆ 1024×576 ಇರಲಿ, ನಾಲ್ಕೂ ಅಂಚಿನಲ್ಲಿ ಐವತ್ತು ಪಿಕ್ಸೆಲ್ ಖಾಲಿ ಬಿಡಿ. ಡಬ್ಬಾ ಟಿವಿ ಅಂಚನ್ನು ನುಂಗುತ್ತದೆ, ಹೆಸರಿನ ಮೊದಲಕ್ಷರವೇ ಹೋಗಿಬಿಡುತ್ತದೆ.

ಕೊನೆಗೆ 'ಬರ್ನ್' ಗುಂಡಿ ಒತ್ತಿದಾಗ ಬರುವ ಆಯ್ಕೆಗಳಲ್ಲಿ ನೇರ ಡಿಸ್ಕಿಗೆ ಬರೆಯುವುದನ್ನು ಬಿಟ್ಟು ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚಾದ ಒಂದೇ ಫೈಲು) ಮಾಡುವುದನ್ನು ಆರಿಸಿ. ಎರಡು ಗಂಟೆಯ ವಿಡಿಯೊ ಹಳೇ ಕಂಪ್ಯೂಟರಿನಲ್ಲಿ ಗಂಟೆಗಿಂತ ಹೆಚ್ಚೇ ತೆಗೆದುಕೊಳ್ಳಬಹುದು. ಮುಗಿದ ಮೇಲೆ ಫೈಲಿನ ಗಾತ್ರ ನೋಡಿ: ವಿಂಡೋಸ್ ತೋರಿಸುವ 4.3 ಜಿಬಿಯೊಳಗಿದ್ದರೆ ಸರಿ. ಐಎಸ್‌ಒವನ್ನು ವಿಎಲ್‌ಸಿಯಲ್ಲಿ ತೆರೆದು ಮೆನು ಒತ್ತಿ, ಮಧ್ಯ ಮತ್ತು ಕೊನೆಯಲ್ಲಿ ಮಾತು-ತುಟಿ ಕೂಡಿದೆಯೇ ನೋಡಿ. ಇಲ್ಲಿ ತಪ್ಪು ಸಿಕ್ಕರೆ ಡಿಸ್ಕ್ ಉಳಿಯಿತು.

ರೈಟ್ ಮಾಡುವುದು

ವಿಂಡೋಸ್ 7 ಮತ್ತು ಅದರ ನಂತರದವುಗಳಲ್ಲಿ ಐಎಸ್‌ಒ ಮೇಲೆ ಬಲಕ್ಲಿಕ್ ಮಾಡಿ 'ಬರ್ನ್ ಡಿಸ್ಕ್ ಇಮೇಜ್' ಒತ್ತಿದರೆ ಸಾಕು, 'ವೆರಿಫೈ' ಗುರುತು ಹಾಕುವುದನ್ನು ಮರೆಯಬೇಡಿ. ಆದರೆ ಅಲ್ಲಿ ವೇಗ ಆರಿಸಲು ಬರುವುದಿಲ್ಲ. ವೇಗ ನಿಮ್ಮ ಕೈಯಲ್ಲಿರಬೇಕಾದರೆ ಇಮ್ಗ್‌ಬರ್ನ್, ಲಿನಕ್ಸಿನಲ್ಲಾದರೆ ಕೆ3ಬಿ. ಡಿಸ್ಕಿನ ಮೇಲೆ 16ಎಕ್ಸ್ ಎಂದಿದ್ದರೂ 8ಎಕ್ಸ್‌ಗೆ ಇಳಿಸಿ, ಹಳೇ ಪ್ಲೇಯರಿಗೆ ಹೋಗುವುದಾದರೆ 4ಎಕ್ಸ್. 4ಎಕ್ಸ್‌ನಲ್ಲಿ ತುಂಬಿದ ಡಿಸ್ಕಿಗೆ ಕಾಲು ಗಂಟೆ ಹಿಡಿಯುತ್ತದೆ. ಆ ಹೊತ್ತು ಕಂಪ್ಯೂಟರಿನಲ್ಲಿ ಬೇರೆ ಕೆಲಸ ಬೇಡ, ಮೇಜು ಅಲುಗಾಡಿಸುವುದೂ ಬೇಡ.

ಎಂಪಿ4 ಫೈಲನ್ನು ಎಳೆದು ಡಿವಿಡಿ ಡ್ರೈವಿಗೆ ಬಿಟ್ಟು ರೈಟ್ ಮಾಡಿದರೆ ಅದು ಡೇಟಾ ಡಿಸ್ಕು. ಕಂಪ್ಯೂಟರಿನಲ್ಲಿ ಓಡುತ್ತದೆ, ಹಳೇ ಪ್ಲೇಯರಿನಲ್ಲಿ ಓಡುವುದಿಲ್ಲ. ವಿಂಡೋಸ್ ಕೇಳುವಾಗ 'ಯುಎಸ್‌ಬಿ ಫ್ಲ್ಯಾಶ್ ಡ್ರೈವಿನಂತೆ' ಎಂಬುದನ್ನು ಒತ್ತಿದರಂತೂ ಪ್ಲೇಯರು ಡಿಸ್ಕನ್ನೇ ಗುರುತಿಸುವುದಿಲ್ಲ. ಸರಿಯಾದ ಡಿಸ್ಕನ್ನು ತೆರೆದರೆ 'ವಿಡಿಯೊ_ಟಿಎಸ್' ಎಂಬ ಫೋಲ್ಡರು, ಅದರೊಳಗೆ ಐಎಫ್‌ಒ, ಬಿಯುಪಿ, ವಿಒಬಿ ಫೈಲುಗಳು ಕಾಣಬೇಕು. 'ಆಡಿಯೊ_ಟಿಎಸ್' ಖಾಲಿ ಇದ್ದರೆ ಗಾಬರಿ ಬೇಡ, ಅದು ಇರುವುದೇ ಹಾಗೆ.

ಕೆಟ್ಟಾಗ ಎಲ್ಲಿ ನೋಡಬೇಕು

"ನೋ ಡಿಸ್ಕ್ ಅಂತ ಬರಕತ್ತೈತಿ ನೋಡ್ರಿ" ಎಂದರೆ ಡಿಸ್ಕು ಡೇಟಾ ಡಿಸ್ಕಾಗಿದೆಯೇ ಮೊದಲು ನೋಡಿ. ಅದಲ್ಲದಿದ್ದರೆ ಪ್ಲೇಯರಿನ ಲೆನ್ಸ್ ಮಸುಕಾಗಿರಬಹುದು, ಅಂಗಡಿಯ ಅಚ್ಚಿನ ಡಿಸ್ಕಾದರೂ ಓದುತ್ತದೆಯೇ ಪರೀಕ್ಷಿಸಿ. ರೈಟ್ ಮಾಡಿದ ಡಿಸ್ಕು ಅಚ್ಚಿನ ಡಿಸ್ಕಿಗಿಂತ ಕಡಿಮೆ ಬೆಳಕು ಹಿಂತಿರುಗಿಸುತ್ತದೆ, ಆರ್‌ಡಬ್ಲ್ಯೂ ಇನ್ನೂ ಕಡಿಮೆ. ಹಾಗಾಗಿ ಆರ್‌ಡಬ್ಲ್ಯೂ ಓದದ ಪ್ಲೇಯರು ಡಿವಿಡಿ-ಆರ್ ಓದಬಹುದು.

ಮುಕ್ಕಾಲು ಭಾಗ ಚೆನ್ನಾಗಿ ಓಡಿ ಕೊನೆಯಲ್ಲಿ ನಿಲ್ಲುತ್ತದೆ ಎಂದರೆ ದೋಷ ಅಂಚಿನದು. ಡಿಸ್ಕು ಒಳಗಿನಿಂದ ಹೊರಗೆ ಬರೆದುಕೊಂಡು ಹೋಗುತ್ತದೆ, ಅಗ್ಗದ ಡಿಸ್ಕುಗಳ ಹೊರ ಅಂಚಿನಲ್ಲೇ ದೋಷ ಹೆಚ್ಚು, ಬೆರಳೂ ಅಲ್ಲೇ ತಾಗುತ್ತದೆ. ಆದ್ದರಿಂದ ಪರೀಕ್ಷಿಸುವಾಗ ಮೊದಲ ದೃಶ್ಯ ನೋಡಿ ಸಮಾಧಾನ ಪಡಬೇಡಿ, ಕೊನೆಯ ಹತ್ತು ನಿಮಿಷ ನಿಜವಾದ ಪ್ಲೇಯರಿನಲ್ಲೇ ಓಡಿಸಿ. ನಿಂತರೆ ವೇಗ ಇಳಿಸಿ, ಕಂಪನಿ ಬದಲಿಸಿ, ಐಎಸ್‌ಒವನ್ನು 4.1 ಜಿಬಿಯಷ್ಟಕ್ಕೆ ಇಳಿಸಿ ನೋಡಿ.

ದೂಳು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ದೊಡ್ಡ ಶತ್ರು. ಸಂಡೂರು, ತೋರಣಗಲ್ಲು ರಸ್ತೆಯ ಅದಿರಿನ ಕೆಂದೂಳು ಇರಲಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯ ಹೊಟ್ಟಿನ ದೂಳು ಇರಲಿ, ರೈಟರಿನ ಬಾಗಿಲು ತೆರೆದಿಟ್ಟರೆ ಲೆನ್ಸ್ ಮೇಲೆ ಕೂರುತ್ತದೆ. ಖಾಲಿ ಡಿಸ್ಕನ್ನು ರೈಟ್ ಮಾಡುವ ಕ್ಷಣದಲ್ಲೇ ಡಬ್ಬಿಯಿಂದ ತೆಗೆಯಿರಿ. ಒರೆಸುವುದಿದ್ದರೆ ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ. ಸುತ್ತು ಒರೆಸಿದರೆ ಬೀಳುವ ಗೀರು ಒಂದೇ ಸಾಲಿನುದ್ದಕ್ಕೂ ಬೀಳುತ್ತದೆ, ಪ್ಲೇಯರಿನ ದೋಷ ತಿದ್ದುವ ಶಕ್ತಿ ಅಲ್ಲಿ ಸೋಲುತ್ತದೆ.

ಹೆಸರು ಬರೆಯಲು ಡಿಸ್ಕಿಗೆಂದೇ ಬರುವ ಮೆತ್ತನೆ ತುದಿಯ ಮಾರ್ಕರ್ ಬಳಸಿ, ಬಾಲ್‌ಪೆನ್ ಬೇಡ. ಕಾಗದದ ಸ್ಟಿಕರ್ ಅಂಟಿಸಿದರೆ ತಿರುಗುವಾಗ ತೂಕ ಒಂದು ಕಡೆ ಎಳೆಯುತ್ತದೆ, ಬಿಸಿಗೆ ಬಿಚ್ಚಿಕೊಂಡು ಪ್ಲೇಯರಿನೊಳಗೇ ಸಿಕ್ಕಿಕೊಳ್ಳುತ್ತದೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜಿನ ಹಿಂದೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಡಿಸ್ಕು ಸೊಟ್ಟಗಾಗುತ್ತದೆ. ಬರೆಯುವ ಪದರದ ಬಣ್ಣವೂ ಬೆಳಕಿಗೆ ಮಂಕಾಗುತ್ತದೆ. ಗಟ್ಟಿ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಟ್ರಂಕಿನಲ್ಲೋ ಕಬ್ಬಿಣದ ಬೀರುವಿನ ಕೆಳ ಅರೆಯಲ್ಲೋ ಇಡಿ.

ಡಿವಿಡಿ ಮಾಡಿದೆವೆಂದು ಮೂಲ ಎಂಪಿ4 ಅಳಿಸಬೇಡಿ. ಡಿಸ್ಕಿನ ಚಿತ್ರ ಮೂಲಕ್ಕಿಂತ ಕಡಿಮೆ ಗುಣಮಟ್ಟದ್ದು, ಅದರಿಂದ ಹಿಂದಕ್ಕೆ ಹೋಗಲು ಬರುವುದಿಲ್ಲ. ಮೂಲ ಫೈಲು, ಐಎಸ್‌ಒ, ಪಾತ್ರ ಪ್ರವೇಶದ ಸಮಯ ಬರೆದ ಚೀಟಿಯ ಫೋಟೊ, ಮೂರನ್ನೂ ಒಂದೇ ಫೋಲ್ಡರಿನಲ್ಲಿ ಹಾರ್ಡ್‌ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ತಂಡದವರ ಬಳಿ ಇರಲಿ. ನಾಳೆ ಯಾರಾದರೂ ಇನ್ನೊಂದು ಸಿಡಿ ಕೇಳಿದರೆ ಐಎಸ್‌ಒದಿಂದ ಕಾಲು ಗಂಟೆಯಲ್ಲಿ ರೈಟ್ ಮಾಡಿ ಕೊಡಬಹುದು.